ದೊಡ್ಡಪ್ಪನಿಗೆ ನಾನು ಕೊಟ್ಟ ಇಂಗ್ಲಿಷ್ ಬಿರುದು

ಹೋದ ವಾರ ನನ್ನ ಫೋನು, ತನಗೆ ನನಗಿಂತ ಚೆನ್ನಾಗಿ ಇಂಗ್ಲಿಷ್ ಬರುತ್ತದೆಂದು ತೀರ್ಮಾನಿಸಿತು. ನಾನು ಚಿಂತಾಮಣಿಯ ಒಂದು ಶಾಲೆಯಲ್ಲಿ ಇಂಗ್ಲಿಷ್ ಟೀಚರು. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಸೊಗಸಾದ ಪ್ರಬಂಧ ಬರೆದಿದ್ದಳು. 'ನಿಮ್ಮ ಮಗಳ ಬರವಣಿಗೆಯಲ್ಲಿ ನ್ಯುಆನ್ಸ್ ಇದೆ' ಎಂದು ಅವಳ ತಾಯಿಗೆ ಇಂಗ್ಲಿಷಿನಲ್ಲಿ ಮೆಸೇಜು ಕಳಿಸಿದೆ. ಸೂಕ್ಷ್ಮ ವ್ಯತ್ಯಾಸಗಳನ್ನು ಗುರುತಿಸುವ ಗುಣವಿದೆ ಎಂಬ ಅರ್ಥದಲ್ಲಿ. ಫೋನು ಆ ಪದವನ್ನು ತಿದ್ದಿ 'ನ್ಯೂಸೆನ್ಸ್' ಮಾಡಿತು. ಐದು ನಿಮಿಷದಲ್ಲಿ ಆ ತಾಯಿಯ ಕರೆ ಬಂತು.

"ಏನ್ ಮಾಡಿದ್ಲು ಮಿಸ್? ಯಾರಿಗಾದ್ರೂ ಹೊಡೆದ್ಲಾ?"

ಕ್ಷಮೆ ಕೇಳಿ, ವಿವರಿಸಿ, ಮತ್ತೊಮ್ಮೆ ಕ್ಷಮೆ ಕೇಳಿ ಫೋನಿಟ್ಟ ಮೇಲೆ ನಗು ಬಂತು. ಈ ಎರಡು ಪದಗಳ ನಡುವೆ ನಾನು ಜಾರಿ ಬಿದ್ದದ್ದು ಇದೇ ಮೊದಲಲ್ಲ. ಮೊದಲ ಸಲ ಫೋನಿನ ಮೇಲೆ ತಪ್ಪು ಹೊರಿಸುವ ಹಾಗೂ ಇರಲಿಲ್ಲ.

ನನ್ನ ದೊಡ್ಡಪ್ಪ, ಅಂದರೆ ಅಪ್ಪನ ಅಣ್ಣ, ಶಿಡ್ಲಘಟ್ಟದಲ್ಲಿ ಗೂಡಿನಿಂದ ರೇಷ್ಮೆ ನೂಲು ತೆಗೆಸುವ ಕಸುಬಿನವರು. ಒಂದು ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಹುಳ ಹೇಗಿದೆ ಎಂದು ಹೇಳಿಬಿಡುತ್ತಿದ್ದರು. ನನಗೆ ಎಲ್ಲ ಗೂಡೂ ಒಂದೇ ಥರ ಕೇಳಿಸುತ್ತಿತ್ತು. ಈ ಪರೀಕ್ಷೆಯನ್ನು ಅವರು ಗೂಡಿನ ಮಾರ್ಕೆಟ್ಟಿನಲ್ಲೇ ಬಿಟ್ಟು ಬಂದಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಮನೆಗೂ ತರುತ್ತಿದ್ದರು. ಕಾಫಿ ಬಿಸಿ ಇರಬೇಕು, ಸುಡಬಾರದು, ಬೆಚ್ಚಗಿದ್ದರೆ ವಾಪಸ್ಸು. ಅಕ್ಕನನ್ನು ನೋಡಲು ಬಂದ ಗಂಡಿನ ಕಡೆಯವರು ಮುದ್ದೆ ಉಣ್ಣುತ್ತಾ, "ಬಸ್ಸಾರು ಬಹಳ ಚೆನ್ನಾಗಿದೆ" ಎಂದು ಹೊಗಳಿದರು. ದೊಡ್ಡಪ್ಪ ಕೈ ನಿಲ್ಲಿಸಿದರು.

"ಇದು ಮಸ್ಸೊಪ್ಪು. ಬಸಿದ್ರೆ ಬಸ್ಸಾರು, ಮಸೆದ್ರೆ ಮಸ್ಸೊಪ್ಪು. ನಿಮ್ಮ ಮನೇಲಿ ಎರಡೂ ಒಂದೇನಾ?"

ಮದುವೆ ಹೇಗೋ ಆಯಿತು. ಭಾವ ಮಾತ್ರ ಇವತ್ತಿಗೂ ನಮ್ಮ ಮನೆಯಲ್ಲಿ ಯಾವ ಸಾರಿನ ಹೆಸರನ್ನೂ ಎತ್ತುವುದಿಲ್ಲ.

ದೊಡ್ಡಪ್ಪನಿಗೆ ಅರವತ್ತು ತುಂಬಿದಾಗ ಛತ್ರದಲ್ಲಿ ದೊಡ್ಡ ಸಮಾರಂಭ. ನಾನು ಆಗಷ್ಟೇ ಎಂ.ಎ. ಮುಗಿಸಿದ್ದೆ. ಇಂಗ್ಲಿಷು ತಲೆಯಲ್ಲಿ ನಿಲ್ಲಲು ಜಾಗವಿಲ್ಲದೆ ಬಾಯಿಂದ ಹೊರಕ್ಕೆ ಬೀಳುತ್ತಿದ್ದ ಕಾಲ. ಎರಡು ಮಾತಾಡಮ್ಮ ಎಂದು ಮೈಕು ಕೊಟ್ಟರು. 'ಸೂಕ್ಷ್ಮ' ಎನ್ನಬಹುದಿತ್ತು. ಆದರೆ ಮೈಸೂರಿನಲ್ಲಿ ಓದಿ ಬಂದದ್ದು ನೆಂಟರಿಗೆ ತಿಳಿಯುವುದು ಹೇಗೆ?

"ನಮ್ಮ ದೊಡ್ಡಪ್ಪ ಎಂದರೆ ನ್ಯುಆನ್ಸ್!" ಎಂದೆ. "ಮನೆಯಲ್ಲೂ ನ್ಯುಆನ್ಸ್, ಮಾರ್ಕೆಟ್ಟಿನಲ್ಲೂ ನ್ಯುಆನ್ಸ್, ಊಟಕ್ಕೆ ಕೂತರೂ ನ್ಯುಆನ್ಸ್!"

ಗೊರಗೊರ ಎನ್ನುತ್ತಿದ್ದ ಆ ಮೈಕಿನಿಂದ ಹೊರಟ ಪದ ಯಾವುದೆಂದು ನಾನು ಬಿಡಿಸಿ ಹೇಳಬೇಕಿಲ್ಲ. ಮೊದಲ ಸಾಲಿನಲ್ಲಿದ್ದ ದೊಡ್ಡಮ್ಮ ಎದ್ದು ನಿಂತು ಚಪ್ಪಾಳೆ ತಟ್ಟಿದರು.

"ಸರಿಯಾಗಿ ಹೇಳ್ದೆ ಕಣಮ್ಮ! ಯಾರೋ ಒಬ್ಬರಾದ್ರೂ ಹೇಳಿದ್ರಲ್ಲ!"

ಹಿಂದಿನಿಂದ ಗಡಿಯಾಚೆಯ ನೆಂಟರೊಬ್ಬರು "ನಿಜಮೇ ಚೆಪ್ಪಿಂದಿ!" ಎಂದು ತೆಲುಗಿನಲ್ಲಿ ಅನುಮೋದಿಸಿದರು. ಛತ್ರವಿಡೀ ಚಪ್ಪಾಳೆ. ನಾನು ಪೆದ್ದಿ, ನನ್ನ ಭಾಷಣವೇ ಅಷ್ಟು ಚೆನ್ನಾಗಿದೆ ಎಂದುಕೊಂಡು ಇನ್ನೊಮ್ಮೆ ಆ ಪದ ಹೇಳಿದೆ.

ಗೊತ್ತಾದದ್ದು ಊಟದ ಪಂಕ್ತಿಯಲ್ಲಿ. ಬಡಿಸಲು ಬಂದವರಿಗೆ ದೊಡ್ಡಪ್ಪ ಎಲೆಗೆ ಕೈ ಅಡ್ಡ ಹಿಡಿದು, "ಸಾಕಪ್ಪ. ಊಟಕ್ಕೆ ಕೂತ್ರೂ ನ್ಯೂಸೆನ್ಸ್ ಅಂತೆ ನಾನು" ಎಂದರು. ನನ್ನತ್ತ ನೋಡಲಿಲ್ಲ. ಆಮೇಲೆ ಎರಡು ತಿಂಗಳು ಮಾತೂ ಆಡಲಿಲ್ಲ. ಮಾರ್ಕೆಟ್ಟಿನಲ್ಲಿ ಅವರನ್ನು 'ನ್ಯೂಸೆನ್ಸಣ್ಣ' ಎಂದು ಕರೆಯತೊಡಗಿದ್ದಾರೆಂಬ ಸುದ್ದಿ ಬಂತು. ನನ್ನ ಕಾಲೇಜಿನ ಫಾರಂಗಳನ್ನೆಲ್ಲ ತುಂಬಿಸಿದವರು, ಮೊದಲ ದಿನ ಹಾಸ್ಟೆಲ್ಲಿಗೆ ಟ್ರಂಕು ಹೊತ್ತು ತಂದವರು ಅವರು. ನನಗೆ ಅನ್ನ ಸೇರದಾಯಿತು.

ಕೊನೆಗೆ ದಪ್ಪನೆಯ ನಿಘಂಟು ಹೊತ್ತುಕೊಂಡು ಅವರ ಮನೆಗೆ ಹೋದೆ. ಪುಟ ತೆಗೆದು ಮುಂದಿಟ್ಟೆ. ಅವರು ಕನ್ನಡಕ ಹಾಕಿಕೊಂಡು, ಗೂಡು ನೋಡುವ ಹಾಗೆಯೇ, ಓದಿದರು.

"ಸೂಕ್ಷ್ಮ ವ್ಯತ್ಯಾಸ. ಎಲ್ಲಿ, ಒಂದು ಉದಾಹರಣೆ ಹೇಳು."

ಎಂ.ಎ. ಕೈಕೊಟ್ಟಿತು. "ಇಂಗ್ಲಿಷಲ್ಲಿ ಹೌಸ್ ಬೇರೆ, ಹೋಮ್ ಬೇರೆ ದೊಡ್ಡಪ್ಪ" ಎಂದು ತಡವರಿಸಿದೆ.

"ಎರಡೂ ಮನೇನೇ ಅಲ್ವಾ?"

ಅಷ್ಟರಲ್ಲಿ ಒಳಗಿನಿಂದ ದೊಡ್ಡಮ್ಮ ಕೇಳಿದರು, "ಕಾಫಿ ಮಾಡ್ಲಾ?"

"ಆಯ್ತಾಯ್ತು" ಎಂದರು ದೊಡ್ಡಪ್ಪ.

ಕಾಫಿ ಬರಲಿಲ್ಲ. ಯಾಕೆಂದು ಕೇಳಿದರೆ ದೊಡ್ಡಮ್ಮ ಬಾಗಿಲಿಗೆ ಬಂದು ನಿಂತರು. "'ಆಯ್ತು' ಅಂದ್ರೆ ಬೇಕು ಅಂತ. 'ಆಯ್ತಮ್ಮ' ಅಂದ್ರೆ ಸಿಟ್ಟು. 'ಆಯ್ತಾಯ್ತು' ಅಂದ್ರೆ ನಾನು ಹೇಳಿದ್ದು ಕಿವಿಗೇ ಹಾಕ್ಕೊಂಡಿಲ್ಲ ಅಂತ. ಮಾಡಿದ್ರೆ ಆರಿಸಿಟ್ಟು, ಆಮೇಲೆ ನನ್ನೇ ಬೈತಾರೆ."

ನಾನು ಕುರ್ಚಿಯಿಂದ ಹಾರಿದೆ. "ಇದೇ ದೊಡ್ಡಪ್ಪ! ಇದಕ್ಕೇ ನ್ಯುಆನ್ಸ್ ಅನ್ನೋದು!"

ಅವರು ನಿಘಂಟು ಮುಚ್ಚಿಟ್ಟರು. "ಹಂಗಾದ್ರೆ ಅದಿರೋದು ನನ್ನಲ್ಲಲ್ಲ ಕಣಮ್ಮ. ನಿಮ್ಮ ದೊಡ್ಡಮ್ಮನ ಕಿವೀಲಿ."

"ಏನು, ಈಗ ನಾನು ನ್ಯೂಸೆನ್ಸಾ?" ಎಂದರು ದೊಡ್ಡಮ್ಮ.

ಎರಡು ತಿಂಗಳಲ್ಲಿ ಮೊದಲ ಸಲ ದೊಡ್ಡಪ್ಪ ನಕ್ಕರು. ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು. ಹೊರಡುವಾಗ "ಬರ್ತೀನಿ ದೊಡ್ಡಪ್ಪ" ಎಂದೆ. "ಆಯ್ತಮ್ಮ" ಎಂದರು. ನಾನು ಹೊಸಿಲಲ್ಲೇ ಗಾಬರಿಯಿಂದ ನಿಂತುಬಿಟ್ಟೆ. ದೊಡ್ಡಮ್ಮ ಬೆನ್ನು ತಟ್ಟಿ, "ಇದು ಆ ಆಯ್ತಮ್ಮ ಅಲ್ಲ, ಹೋಗು" ಎಂದು ಪಿಸುಗುಟ್ಟಿದರು.

ಫೋನು ಎಡವಟ್ಟು ಮಾಡಿದ ಆ ವಾರದ ಭಾನುವಾರ ಸುಮ್ಮನೆ ಶಿಡ್ಲಘಟ್ಟದ ಬಸ್ಸು ಹತ್ತಿದೆ. ದೊಡ್ಡಪ್ಪ ಜಗುಲಿಯ ಮೇಲೆ, ಪಕ್ಕದ ಮನೆಗೆ ಹೊಸದಾಗಿ ಬಂದವರ ಜೊತೆ ಕೂತಿದ್ದರು.

"ಯಾರು ಬಂದಿರೋದು?" ಎಂದು ಪಕ್ಕದ ಮನೆಯವರು ಕೇಳಿದರು.

"ಮಗಳು" ಎಂದರು ದೊಡ್ಡಪ್ಪ.

"ನಿಮ್ಮ ಸ್ವಂತ ಮಗಳಾ, ಇಲ್ಲ ತಮ್ಮನ ಮಗಳಾ?"

ನಾನು ಚಪ್ಪಲಿ ಬಿಡುತ್ತಾ, ಈಗ ಶುರುವಾಗುತ್ತದೆ ವ್ಯಾಖ್ಯಾನ, ಎಂದು ಕಾದೆ.

"ಅದನ್ನೆಲ್ಲ ಯಾಕಪ್ಪ ಅಷ್ಟು ಬಿಡಿಸಿ ಕೇಳ್ತೀಯ?" ಎಂದರು ದೊಡ್ಡಪ್ಪ. "ಮಗಳು ಅಂದ್ನಲ್ಲ."

ಒಳಗೆ ಹೋಗಿ ದೊಡ್ಡಮ್ಮನ ಜೊತೆ ಅವರೇಕಾಯಿ ಸುಲಿಯಲು ಕೂತೆ. ಚಿಂತಾಮಣಿಯ ಬಸ್ಸು ಒಂದು ಹೋಯಿತು. ಇನ್ನೊಂದೂ ಹೋಯಿತು. ನಾನು ಏಳಲಿಲ್ಲ.