ಕೊಲ್ಲದೆ ಕೆಡವುವ ನಿಯಮ

ಆಟಕ್ಕೆ ಸೇರುವ ಮುಂಚೆಯೇ ಗಣಿತದ ಮೇಡಂ ಒಂದು ಕರಾರು ಹಾಕಿದ್ದರು. "ನಾನು ಯಾರನ್ನೂ ಕೊಲ್ಲಲ್ಲ ಮೇಡಂ. ಆಟದಲ್ಲೂ ಕೊಲ್ಲಲ್ಲ. ಹಾಗಿದ್ದೂ ಆಡಬಹುದು ಅನ್ನೋದಾದ್ರೆ ಬರ್ತೀನಿ."

ನಾವಿಬ್ಬರೂ ಹೊಳೆನರಸೀಪುರ ತಾಲ್ಲೂಕಿನ ಒಂದೇ ಹೈಸ್ಕೂಲಿನಲ್ಲಿ ಕೆಲಸ ಮಾಡುವವರು. ಅವರು ಲೆಕ್ಕ ಕಲಿಸುತ್ತಾರೆ, ನಾನು ಪಿ.ಟಿ. ಟೀಚರು. ಅವರ ಮನೆ ಚನ್ನರಾಯಪಟ್ಟಣದಲ್ಲಿ, ನಮ್ಮದು ಬಾಗೂರಿನ ಹತ್ತಿರ. ಬಸ್ಸಿನಲ್ಲಿ ಪಕ್ಕಪಕ್ಕ ಕೂತು ಕೂತೇ ಸ್ನೇಹವಾದದ್ದು. ಅವರದು ಅಳೆದು ತೂಗಿ ಆಡುವ ಮಾತು. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಮೈದಾನದಲ್ಲಿ ಇಷ್ಟು ವರ್ಷ ವಿಸಿಲ್ ಊದಿ ಊದಿ, ಮನೆಯಲ್ಲೂ ಅದೇ ದನಿಯಲ್ಲಿ ಮಾತಾಡುತ್ತೇನೆ ಅಂತ ನಮ್ಮ ಯಜಮಾನರ ದೂರು.

ಆಟ ನಮ್ಮ ಮನೆಗೆ ಬಂದದ್ದು ಮಗಳಿಂದ. ಹಾಸನದಲ್ಲಿ ಎಂಜಿನಿಯರಿಂಗ್ ಓದುವ ಅವಳು ಒಂದು ಬೇಸಿಗೆ ರಜೆಯಲ್ಲಿ ದಪ್ಪ ಪುಸ್ತಕವೊಂದನ್ನೂ ಒಂದು ಡಬ್ಬಿ ದಾಳಗಳನ್ನೂ ಹೊತ್ತು ತಂದಳು. ಒಬ್ಬರು ಕತೆ ನಡೆಸಬೇಕು, ಉಳಿದವರು ಅದರೊಳಗೆ ಒಂದೊಂದು ಪಾತ್ರವಾಗಬೇಕು. ಕಾಡು, ಕೋಟೆ, ರಾಕ್ಷಸರು, ಮಂತ್ರವಾದಿಗಳು. ಏಟು ಬಿತ್ತೋ ಇಲ್ಲವೋ ಅನ್ನುವುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಪ್ರತಿಯೊಬ್ಬರಿಗೂ ಇಷ್ಟು ಬಲ ಅಂತ ಒಂದು ಅಂಕಿ, ಏಟು ಬಿದ್ದ ಹಾಗೆ ಅದು ಇಳಿಯುತ್ತದೆ, ಸೊನ್ನೆಗೆ ಬಂದರೆ ಅವನ ಕತೆ ಮುಗಿದ ಹಾಗೆ. ರಜೆ ಮುಗಿಸಿ ಮಗಳು ಹಾಸ್ಟೆಲಿಗೆ ಹೋದಳು. ಪುಸ್ತಕ ಮಾತ್ರ ನನ್ನ ಕೈಯಲ್ಲಿ ಉಳಿಯಿತು. ನಿಯಮ ಅಂತ ಬರೆದದ್ದು ಯಾವುದನ್ನು ಕಂಡರೂ ನನಗೆ ಬಿಡಲಾಗುವುದಿಲ್ಲ. ಓದಿದೆ, ಕನ್ನಡದಲ್ಲಿ ಟಿಪ್ಪಣಿ ಮಾಡಿಕೊಂಡೆ, ಕತೆ ನಡೆಸುವವಳು ನಾನೇ ಅಂತ ಘೋಷಿಸಿಕೊಂಡೆ. ಆಡುವುದಕ್ಕೆ ಸಿಕ್ಕವರು ತೆಂಗಿನ ತೋಟ ನೋಡಿಕೊಳ್ಳುವ ನಮ್ಮ ಯಜಮಾನರು, ಅರಕಲಗೂಡಿನ ಕಡೆ ಬಸ್ಸಿನಲ್ಲಿ ಕಂಡಕ್ಟರಾಗಿರುವ ಅವರ ಚಿಕ್ಕಪ್ಪನ ಮಗ, ಆಮೇಲೆ ಈ ಗಣಿತದ ಮೇಡಂ.

ಮೇಡಂ ಜೈನರು. ಅವರಮ್ಮ ಸಾಯುವ ಮುಂಚೆ ಮಗಳಿಂದ ಒಂದು ಮಾತು ತೆಗೆದುಕೊಂಡಿದ್ದರಂತೆ. ಕೈಯಿಂದ ಮಾತ್ರವಲ್ಲ, ಮನಸ್ಸಿನಿಂದಲೂ ಒಂದು ಜೀವ ತೆಗೆಯಬಾರದು. ಅದನ್ನು ಅವರು ವ್ರತದ ಹಾಗೆ ನಡೆಸಿಕೊಂಡು ಬಂದವರು. "ಆಟದಲ್ಲಿ ಸಾಯೋದು ಸಾವಲ್ಲ ಬಿಡಿ ಮೇಡಂ" ಅಂದಿದ್ದೆ ನಾನು. "ಸಾಯೋರಿಗೆ ಅಲ್ಲದೆ ಇರಬಹುದು" ಅಂದಿದ್ದರು ಅವರು. ನಾನು ಪುಸ್ತಕವೆಲ್ಲ ಜಾಲಾಡಿ ಒಂದು ನಿಯಮ ಹುಡುಕಿದೆ. ಹತ್ತಿರದಲ್ಲಿ ನಿಂತು ಹೊಡೆದ ಏಟಿಗೆ ಶತ್ರುವಿನ ಬಲ ಸೊನ್ನೆಗೆ ಇಳಿದರೆ, ಹೊಡೆದವರು ಇಷ್ಟಪಟ್ಟಲ್ಲಿ ಅವನನ್ನು ಕೊಲ್ಲದೆ, ಪ್ರಜ್ಞೆ ತಪ್ಪಿಸಿ ಕೆಡವಬಹುದು. ಅದನ್ನು ತೋರಿಸಿದ ಮೇಲೆ ಅವರು ಒಪ್ಪಿದರು. ತಮ್ಮ ಪಾತ್ರಕ್ಕೆ ಕತ್ತಿ ಬೇಡವೆಂದು ಒಂದು ದೊಣ್ಣೆ ಕೊಡಿಸಿಕೊಂಡರು.

ಆಡುವುದು ಭಾನುವಾರ ಮಧ್ಯಾಹ್ನ, ಚನ್ನರಾಯಪಟ್ಟಣದ ಅವರ ಮನೆಯಲ್ಲಿ. ಹೊತ್ತು ಮುಳುಗುವ ಮುಂಚೆ ಅವರ ಊಟ ಆಗಬೇಕು, ಆದ್ದರಿಂದ ಎಂಥ ಯುದ್ಧವಾದರೂ ಐದೂವರೆಗೆ ನಿಲ್ಲಬೇಕು. "ಆಗಿನ್ ಕಾಲದಾಗೂ ಒತ್ ಮುಳುಗಿದ್ರೆ ಯುದ್ಧ ನಿಲ್ಲುಸ್ತಿದ್ರಂತೆ ಕಣ್ರವ್ವ, ನೀವೇಳೋದು ಸರ್ಯಾಗೈತೆ" ಅಂತ ನಮ್ಮ ಯಜಮಾನರು ಅವರ ಪರ. ಈರುಳ್ಳಿ ಹಾಕದ ಅವರೆಕಾಳು ಉಪ್ಪಿಟ್ಟಿಗೂ ಅವರು ಹಾಗೆಯೇ ಒಗ್ಗಿಕೊಂಡರು.

ಅಂತೂ ವರ್ಷದ ಮೇಲಾಯಿತು, ಮೇಡಂ ಒಬ್ಬರನ್ನೂ ಕೊಲ್ಲದೆ ಆಡಿದರು. ಕಳ್ಳರನ್ನು ಕೆಡವಿದರು, ತೋಳಗಳನ್ನು ಕೆಡವಿದರು, ಒಬ್ಬ ಮಂತ್ರವಾದಿಯನ್ನು ಕೆಡವಿ ಹಗ್ಗದಲ್ಲಿ ಕಟ್ಟಿ ಬುದ್ಧಿ ಹೇಳಿದರು. ಕೆಡವುತ್ತೇನೆ ಅಂತ ದಾಳ ಹಾಕುವ ಮುಂಚೆ ಹೇಳಬೇಕೋ, ಬಿದ್ದ ಮೇಲೆ ಹೇಳಿದರೂ ನಡೆಯುತ್ತದೋ, ಪುಸ್ತಕದಲ್ಲಿ ಇರಲಿಲ್ಲ. ನಾವೂ ಕೇಳಿಕೊಂಡಿರಲಿಲ್ಲ. ಅವರು ಒಂದು ದಿನ ಮೊದಲೇ ಹೇಳುತ್ತಿದ್ದರು, ಒಂದು ದಿನ ಆಮೇಲೆ ಹೇಳುತ್ತಿದ್ದರು, ನಾನು ಹೂಂ ಅನ್ನುತ್ತಿದ್ದೆ.

ಆ ಒಂದು ಭಾನುವಾರ ಮಾತ್ರ ನನ್ನ ತಲೆ ಕೆಟ್ಟಿತ್ತು. ಹಿಂದಿನ ದಿನ ಹುಡುಗಿಯರ ಕಬಡ್ಡಿ ಪಂದ್ಯಕ್ಕೆ ನಾನು ಅಂಪೈರು. ರೈಡಿಗೆ ಬಂದ ಹುಡುಗಿಯ ಹೆಬ್ಬೆರಳು ಅಂಚಿನ ಗೆರೆ ದಾಟಿ ಆಚೆ ನೆಲ ಮುಟ್ಟಿತು. ಕಣ್ಣಾರೆ ಕಂಡೆ, ಔಟ್ ಅಂತ ಊದಿದೆ. ಅವಳಪ್ಪ ಮೊಬೈಲು ಹಿಡಿದುಕೊಂಡು ಮೈದಾನದೊಳಕ್ಕೇ ನುಗ್ಗಿದ. ಆ ಮಸುಕು ವಿಡಿಯೋ ನೋಡಿಕೊಂಡು ದೊಡ್ಡವರೆನಿಸಿಕೊಂಡವರೆಲ್ಲ, "ಹೋಗ್ಲಿ ಬಿಡಿ ಮೇಡಂ, ಇನ್ನೊಂದ್ಸಲ ಆಡ್ಸಿ" ಅಂದರು. ನಾನು ಊದಿದ ವಿಸಿಲ್ಲನ್ನು ನನ್ನ ಕೈಯಲ್ಲೇ ನುಂಗಿಸಿದರು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುತ್ತಾರಲ್ಲ, ಆ ಭಾನುವಾರ ನಾನು ಕೊತ್ತಿ ಹುಡುಕಿಕೊಂಡೇ ಚನ್ನರಾಯಪಟ್ಟಣದ ಬಸ್ಸು ಹತ್ತಿದ್ದೆ.

ಕತೆ ಒಂದು ಸೇತುವೆಯ ಬಾಗಿಲಿಗೆ ಬಂದು ನಿಂತಿತ್ತು. ಅಲ್ಲೊಬ್ಬ ಕಾವಲುಗಾರ. ನಮ್ಮ ಯಜಮಾನರ ಪಾತ್ರವಾದ ಕೊಡಲಿ ಹಿಡಿದ ಗಡ್ಡದ ಕುಳ್ಳ ಏಟು ತಿಂದು ಬಿದ್ದಿದ್ದ. ಕಂಡಕ್ಟರ್ ಮೈದುನನ ಬತ್ತಳಿಕೆ ಖಾಲಿ. ಉಳಿದದ್ದು ಮೇಡಂ ಒಬ್ಬರೇ. ಅವರು ತಮ್ಮ ಸರದಿ ಬಂದಾಗ ಲೆಕ್ಕ ಹಾಕುತ್ತಾ ಕೂತರು. ಹಗ್ಗ ಎಸೆದರೆ ಆಗುತ್ತದಾ, ಕಾವಲುಗಾರನನ್ನು ಮಾತಿಗೆ ಎಳೆಯಬಹುದಾ, ದೊಣ್ಣೆಯಲ್ಲಿ ಕಾಲಿಗೆ ಕೊಟ್ಟರೆ ಬೀಳುತ್ತಾನಾ. ನನಗೆ ಎಲ್ಲಿತ್ತೋ ಸಿಟ್ಟು, ನೆತ್ತಿಗೇರಿತು.

"ನಿಮ್ಮದೊಂದು ಮಡಿ ಕಣ್ರೀ" ಅಂದುಬಿಟ್ಟೆ. "ಇವರಿಬ್ಬರೂ ಕೊಂದು ದಾರಿ ಮಾಡಿಕೊಡಬೇಕು, ನೀವು ಕೈ ತೊಳ್ಕೊಂಡು ಹಿಂದೆ ಬರಬೇಕು. ಪಾಪವೆಲ್ಲ ನಮಗೆ, ಪುಣ್ಯವೆಲ್ಲ ನಿಮಗೆ. ಹೊಡೆಯೋದಾದ್ರೆ ಹೊಡೀರಿ. ಇವತ್ತಿಂದ ಒಂದು ನಿಯಮ, ಕೆಡವೋದಾದ್ರೆ ದಾಳ ಹಾಕೋ ಮುಂಚೆ ಹೇಳ್ಬೇಕು. ಬಿದ್ದ ಮೇಲೆ ಹೇಳಿದ್ರೆ ನಡೆಯಲ್ಲ."

ಅವರು ನನ್ನನ್ನೇ ನೋಡಿದರು. "ಹೊಡೀತೀನಿ" ಅಂತ ಒಂದೇ ಮಾತು ಹೇಳಿ ದಾಳ ಎಸೆದರು. ಹದಿನೆಂಟು ಬಿತ್ತು. ಕಾವಲುಗಾರನ ಬಲ ಸೊನ್ನೆಯಾಯಿತು.

"ಸತ್ತ" ಅಂದೆ.

"ಅಯ್ ಇವ್ಳ" ಅಂತ ನಮ್ಮ ಯಜಮಾನರು ಎದ್ದು ಕೂತರು. "ಮೇಡಮ್ಮೋರು ಯಾವತ್ತಾರ ಸಾಯೊಡ್ದವ್ರಾ? ಅವ್ರು ಒಡುದ್ರು ಅಂದ್ರೆ ಕೆಡುವುದ್ರು ಅಂತ್ಲೇ ಲೆಕ್ಕ ಕಣಮ್ಮಿ. ಅದ್ನ ಬ್ಯಾರೆ ಏಳ್ಬೇಕಾ?"

"ಹೇಳಿದ್ರಾ? ಹೇಳಲಿಲ್ಲ. ನಿಯಮ ಹೇಳಿದ ಮೇಲೇ ದಾಳ ಹಾಕಿದ್ದು. ಸತ್ತ ಅಂದ್ರೆ ಸತ್ತ."

"ಅತ್ಗೆ ಏಳೋದೂ ಸರೀನೇ ಅಣ್ಣಯ್ಯ" ಅಂತ ಮೈದುನ ನಡುವೆ ಬಾಯಿ ಹಾಕಿದ. "ಬಸ್ಸು ಸ್ಟಾಪ್ ದಾಟುದ್ ಮ್ಯಾಲೆ ಇಳೀತೀನಿ ಅಂದ್ರೆ ನಾನ್ ವಿಸಿಲ್ ಒಡೀತೀನಾ?"

"ನೀನ್ ಸುಮ್ಕಿರ್ಲಾ, ದೊಡ್ ಕಂಡಕ್ಟ್ರು!"

ಇವರಿಬ್ಬರ ಗದ್ದಲದ ನಡುವೆ ಮೇಡಂ ಎದ್ದರು. ನನ್ನ ಜತೆ ವಾದಕ್ಕೆ ಬರಲಿಲ್ಲ. ದಾಳವನ್ನು ಎತ್ತಿ ಡಬ್ಬಿಗೆ ಹಾಕಿದರು, ತಟ್ಟೆಗಳನ್ನು ಒಳಗೆ ಒಯ್ದರು. ಆಗಿನ್ನೂ ನಾಲ್ಕೂವರೆ. ನಾವು ಚಪ್ಪಲಿ ಮೆಟ್ಟಿಕೊಂಡು ಬಂದೆವು. ಬಸ್ಸಿನಲ್ಲಿ ಯಜಮಾನರು ನನ್ನ ಪಕ್ಕ ಕೂರಲೇ ಇಲ್ಲ.

ಸೋಮವಾರ ಸ್ಟಾಫ್‌ರೂಮಿನಲ್ಲಿ ಅವರು ಊಟದ ಡಬ್ಬಿ ತೆಗೆಯಲಿಲ್ಲ. ಮಂಗಳವಾರವೂ ತೆಗೆಯದಿದ್ದಾಗ ನನಗೆ ಅನುಮಾನ ಬಂತು.

"ಉಪವಾಸಾನಾ?" ಅಂದೆ.

"ಹೌದು. ಮೂರು ದಿನ."

"ಅಲ್ರೀ, ಪೇಪರ್ ಮೇಲಿನ ಒಬ್ಬ ಕಾವಲುಗಾರನಿಗೆ ಮೂರು ದಿನ ಹಸ್ಕೊಂಡಿರ್ತೀರಾ? ಅವನಿಗೊಂದು ಹೆಸರೂ ಇಟ್ಟಿರಲಿಲ್ಲ ನಾನು!"

ಅವರು ನಕ್ಕರು. ಚಿಕ್ಕಂದಿನಲ್ಲಿ ಸಂಕ್ರಾಂತಿಗೆ ಎಳ್ಳು ಬೀರಲು ಬಂದವರು ಕೊಟ್ಟ ಸಕ್ಕರೆ ಅಚ್ಚಿನಲ್ಲಿ ಗಿಳಿ, ಆನೆ, ಮೀನು ಇದ್ದರೆ ಅವರಮ್ಮ ತಿನ್ನಲು ಬಿಡುತ್ತಿರಲಿಲ್ಲವಂತೆ. ಹೂವು, ಗೋಪುರ ಬಂದರೆ ಮಾತ್ರ ಮಕ್ಕಳಿಗೆ. ಗಿಳಿಯ ಕತ್ತು ಕಚ್ಚುವಾಗ ಸಕ್ಕರೆಗೆ ನೋವಾಗುವುದಿಲ್ಲ, ಆದರೆ ಕಚ್ಚುವವರ ಮನಸ್ಸಿನಲ್ಲಿ ಅದು ಗಿಳಿಯೇ ಆಗಿರುತ್ತದೆ ಅನ್ನುತ್ತಿದ್ದರಂತೆ. "ನಮ್ಮಲ್ಲಿ ಅದಕ್ಕೂ ಲೆಕ್ಕ ಉಂಟು ಮೇಡಂ" ಅಂದರು. ಬೆಲ್ ಹೊಡೆಯಿತು, ಚಾಕ್‌ಪೀಸ್ ತೆಗೆದುಕೊಂಡು ಕ್ಲಾಸಿಗೆ ಹೋದರು. ಬಾಯಿ ಒಣಗಿದ್ದು ದನಿಯಲ್ಲೇ ಗೊತ್ತಾಗುತ್ತಿತ್ತು.

ಅವರು ಅಮ್ಮನಿಗೆ ಕೊಟ್ಟ ಮಾತನ್ನು ನಾನು ಒಂದು ಹಾಳು ನಿಯಮಕ್ಕಾಗಿ ಮುರಿಸಿದೆನಲ್ಲ. ಮರುದಿನ ಬೆಳಗ್ಗೆ ಬಸ್ಸಿಗೆ ಕಾಯುತ್ತಾ ಹಾಸನಕ್ಕೆ ಫೋನು ಮಾಡಿ, ಮಗಳಿಗೆ ಎಲ್ಲ ಹೇಳಿದೆ.

"ಇದಕ್ಕೆ ಇಂಟರ್ನೆಟ್ಟಲ್ಲೂ ಹೊಡೆದಾಡ್ತಾರಮ್ಮ" ಅಂದಳು. "ಪುಸ್ತಕದಲ್ಲಿ ಇಲ್ಲ ಅಂದ್ಮೇಲೆ ಕತೆ ನಡೆಸೋರು ಹೇಳಿದ್ದೇ ಕೊನೆ. ಅಂದ್ರೆ ನೀನೇ. ಯಾಕಮ್ಮ ಅಷ್ಟು ಸ್ಟ್ರಿಕ್ಟಾಗಿದ್ದೆ?"

ಬಸ್ಸು ಬಂತು ಅಂತ ಹೇಳಿ ಫೋನು ಇಟ್ಟೆ.

ಆ ವಾರ ಮೈದಾನದಲ್ಲಿ ನಿಂತಿದ್ದರೂ ಅದೇ ಯೋಚನೆ. ಕಬಡ್ಡಿಯಲ್ಲಿ ಗೆರೆ ದಾಟಿದರೆ ಔಟ್. ದಾಟುವಾಗ ಹುಡುಗಿ ಏನು ಅಂದುಕೊಂಡಿದ್ದಳು ಅಂತ ಯಾವ ಅಂಪೈರೂ ಕೇಳುವುದಿಲ್ಲ, ಕೇಳಲೂಬಾರದು. ಕಾಲು ಕಾಣುತ್ತದೆ, ಗೆರೆ ಕಾಣುತ್ತದೆ, ಅಷ್ಟು ಸಾಕು. ಆದರೆ ಈ ನಿಯಮ ಹಾಗಲ್ಲ. ಹೊಡೆದವರ ಇಷ್ಟ ಏನಿತ್ತು ಅಂತ ಕೇಳುತ್ತದೆ. ಇಷ್ಟವನ್ನು ನೋಡುವುದಕ್ಕೆ ಅಂಪೈರು ಎಲ್ಲಿ ನಿಲ್ಲಬೇಕು? ಬಾಯಿಬಿಟ್ಟು ಹೇಳಿದ್ದನ್ನು ಮಾತ್ರ ನಂಬುತ್ತೇನೆ ಅಂದದ್ದು ನನ್ನ ಅನುಕೂಲಕ್ಕೆ ಅನ್ನಿಸಿತು. ವರ್ಷದ ಮೇಲೆ ಪ್ರತಿ ಭಾನುವಾರ ಕಂಡ ಹೆಂಗಸಿನ ಇಷ್ಟ ಏನು ಅಂತ ತೆಂಗಿನಕಾಯಿ ಕೀಳಿಸುವ ನನ್ನ ಗಂಡನಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲವೇ? ಶನಿವಾರ ಕೂತು ಒಂದು ಹಾಳೆಯ ಮೇಲೆ ಹೊಸ ನಿಯಮ ಬರೆದೆ. ಮೇಡಂ ಕೊಲ್ಲುತ್ತೇನೆ ಅಂತ ಸ್ಪಷ್ಟವಾಗಿ ಹೇಳದ ಹೊರತು ಅವರು ಹೊಡೆದ ಪ್ರತಿ ಏಟೂ ಕೆಡವುವ ಏಟೇ. ಹಿಂದಿನ ಏಟಿಗೂ ಇದು ಅನ್ವಯ. ಕಾವಲುಗಾರ ಬದುಕಿದ್ದಾನೆ.

ನಾನಾಗಿಯೇ ಒಂದು ತೀರ್ಪನ್ನು ಹಿಂದಕ್ಕೆ ತೆಗೆದುಕೊಂಡದ್ದು ಅದೇ ಮೊದಲು. ದೊಡ್ಡ ತ್ಯಾಗ ಮಾಡಿದವಳ ಹಾಗೆ, ಭಾನುವಾರ ಗಂಡಸರಿಗಿಂತ ಒಂದು ಗಂಟೆ ಮುಂಚೆ ಒಬ್ಬಳೇ ಅವರ ಮನೆಗೆ ಹೋದೆ. ಮೇಡಂ ಬಾಗಿಲು ತೆಗೆದರು, ಕೂರಿಸಿ ನೀರು ಕೊಟ್ಟರು. ಹಾಳೆಯನ್ನು ಅವರ ಕೈಗಿತ್ತೆ. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.

"ನಿಯಮ ಚೆನ್ನಾಗಿದೆ. ಇನ್ಮೇಲೆ ಹೀಗೇ ಇರಲಿ" ಅಂದರು. "ಆದರೆ ಹಿಂದಿನದಕ್ಕೆ ಬೇಡ. ಕಾವಲುಗಾರ ಸತ್ತ ಅಂತಲೇ ಇರಲಿ."

"ಯಾಕ್ರೀ? ಸೋತವಳು ನಾನು, ನೀವ್ಯಾಕೆ ಹಠ ಮಾಡ್ತೀರಿ? ನೀವು ಹೇಳೋದು ಮರೆತಿರಿ, ಅಷ್ಟೇ ತಾನೇ?"

"ಮರೀಲಿಲ್ಲ ಮೇಡಂ."

ಅವರು ಹಾಳೆಯನ್ನು ಮಡಚಿದರು, ಮತ್ತೆ ಬಿಡಿಸಿದರು.

"ಹೇಳಬೇಕು ಅಂತ ಗೊತ್ತಿತ್ತು. ಬೇಕೂಂತಲೇ ಹೇಳಲಿಲ್ಲ. ಕೈ ತೊಳ್ಕೊಂಡು ಹಿಂದೆ ಬರ್ತೀರಿ ಅಂದ್ರಲ್ಲ, ಮೈಯೆಲ್ಲ ಉರಿದುಹೋಯ್ತು. ದಾಳ ಎಸೆಯುವಾಗ ನನ್ನ ಕಣ್ಣೆದುರಿಗೆ ಕಾವಲುಗಾರ ಇರಲಿಲ್ಲ. ನೀವಿದ್ರಿ." ಕನ್ನಡಕ ತೆಗೆದು ಪಕ್ಕಕ್ಕಿಟ್ಟರು. "ಉಪವಾಸ ಮಾಡಿದ್ದು ಅದಕ್ಕೆ. ಆದರೆ ನಿಮಗೆ ಹೇಳದೆ ಅದು ಮುಗಿಯಲ್ಲ. ನನ್ನನ್ನು ಕ್ಷಮಿಸಿಬಿಡಿ."

ನನಗಿಂತ ಹಿರಿಯ ಹೆಂಗಸು ನನ್ನೆದುರು ಎರಡೂ ಕೈ ಜೋಡಿಸಿ ನಿಂತಿದ್ದರು. ನಾನು ಆ ಕೈಗಳನ್ನು ಹಿಡಿದು ಬಿಡಿಸಿದೆ. ದಾಳ ಮೊದಲೋ ಮಾತು ಮೊದಲೋ ಅಂತ ಒಂದು ವಾರ ತಲೆ ಕೆಡಿಸಿಕೊಂಡಿದ್ದೆ. ನಾನು ಅವರಿಗೆ ಅಂದ ಮಾತು ಆ ಇಡೀ ವಾರದಲ್ಲಿ ನನಗೆ ಒಂದು ಸಲವೂ ನೆನಪಾಗಿರಲಿಲ್ಲ. ನಿಯಮ ತಿದ್ದುವುದಕ್ಕೆ ಅಷ್ಟು ದೂರ ಹೋಗಿದ್ದೆನೇ ಹೊರತು, ತಪ್ಪಾಯಿತು ಅನ್ನುವುದಕ್ಕೆ ಹೋಗಿರಲಿಲ್ಲ. ನಾಚಿಕೆಯಿಂದ ಕಣ್ಣಲ್ಲಿ ನೀರು ಬಂತು.

"ಮೊದಲು ಹೊಡೆದವಳು ನಾನು ಕಣ್ರೀ" ಅಂದೆ. "ತಪ್ಪಾಯ್ತು. ಅದೂ ಕಬಡ್ಡಿ ಮೈದಾನದ ಸಿಟ್ಟು, ನಿಮ್ಮ ಮೇಲೆ ತೀರಿಸ್ಕೊಂಡೆ."

ಅವರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. "ಹಾಗಾದ್ರೆ ಈಗ ಬರೀರಿ" ಅಂದರು. ಪಂದ್ಯದ ಸ್ಕೋರು ಬರೆಯುವ ಅಭ್ಯಾಸದಿಂದ ಯಾರು ಯಾರ ಏಟಿಗೆ ಬಿದ್ದರು ಅಂತ ನಾನೊಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಳ್ಳುತ್ತಿದ್ದೆ. ಅದನ್ನು ಬ್ಯಾಗಿನಿಂದ ತೆಗೆದು, ಅವರೆದುರಿಗೇ, ಸೇತುವೆಯ ಕಾವಲುಗಾರ ಸತ್ತ ಎಂದು ಬರೆದೆ. ಹೊಡೆದವರು ಎಂಬಲ್ಲಿಗೆ ಬಂದಾಗ ಅವರು ತಮ್ಮ ಹೆಸರು ಹೇಳಿದರು. ನಾನು ಇಬ್ಬರ ಹೆಸರೂ ಬರೆದೆ.