ಹನ್ನೆರಡು ಎಳೆ

ಕೊಟ್ರೇಶ್ ಮೊದಲ ಸಲ ಷೆಡ್ಡಿನೊಳಕ್ಕೆ ಕಾಲಿಟ್ಟ ದಿನ ಅಶ್ವತ್ಥಮ್ಮ ಬಾಗಿಲಲ್ಲಿ ಕೂತು ಒರೆಸುವ ಬಟ್ಟೆ ಹಿಂಡುತ್ತಿದ್ದಳು. ಸೋಮವಾರ, ಒಂಬತ್ತೂಕಾಲು ಗಂಟೆ. ನೆಲ ಇನ್ನೂ ಆರಿರಲಿಲ್ಲ. ಬಂದವನು ಬೂಟು ಕಳಚಿ ಒಂದು ಕೈಯಲ್ಲಿ ಹಿಡಿದ, ಇನ್ನೊಂದು ಕೈಯಲ್ಲಿ ನೀಲಿ ಫೈಲೊಂದನ್ನು ಎದೆಗೆ ಅವಚಿಕೊಂಡ, ಒಣಗಿದ ಜಾಗ ಹುಡುಕಿ ಹುಡುಕಿ ಹೆಜ್ಜೆ ಇಟ್ಟ. ಒರೆಸಿದ ನೆಲದ ಮೇಲೆ ಹಾಗೆ ನಡೆದ ಇಂಜಿನಿಯರನ್ನು ಅವಳು ಕಂಡದ್ದು ಅದೇ ಮೊದಲು.

ಜಿಗಣಿ ಕೈಗಾರಿಕಾ ಪ್ರದೇಶದ ಒಳರಸ್ತೆಯಲ್ಲಿತ್ತು ಆ ಷೆಡ್ಡು. ಹೊರದೇಶದ ಆಸ್ಪತ್ರೆಗಳು ಬೇಡವೆಂದು ಬಿಟ್ಟ ಸಿ.ಟಿ. ಸ್ಕ್ಯಾನ್ ಯಂತ್ರಗಳನ್ನು ತಂದು, ಬಿಚ್ಚಿ, ತೊಳೆದು, ರಿಪೇರಿ ಮಾಡಿ, ಬಣ್ಣ ಹೊಡೆದು ಸಣ್ಣ ಊರುಗಳ ಆಸ್ಪತ್ರೆಗೆ ಮಾರುವುದು ಅಲ್ಲಿನ ಕಸುಬು. ಮಾಲೀಕರು ಪರಮಾನಂದ. ಅವರು ಕೊಟ್ರೇಶನ ಫೈಲು ಇಸಿದುಕೊಂಡು, ಹತ್ತನೇ ತರಗತಿಯಿಂದ ಹಿಡಿದು ಡಿಗ್ರಿಯವರೆಗಿನ ಒಂದೊಂದೇ ಅಸಲು ಹಾಳೆ ತಿರುವಿ, ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕಿದರು.

"ಮೂರು ವರ್ಷದ ಬಾಂಡು ಮುಗಿಯೋ ದಿನ ನಾನೇ ಕೈಗೆ ಕೊಡ್ತೀನಿ ಗುರು. ಬ್ಯಾಂಕ್ ಲಾಕರ್‌ಗಿಂತ ಭದ್ರ," ಎಂದು ನಕ್ಕರು.

ಆಮೇಲೆ ಯಂತ್ರವಿಟ್ಟು ಪರೀಕ್ಷೆ ಮಾಡುವ ಕೋಣೆ ತೋರಿಸಿದರು. ನಾಲ್ಕು ಗೋಡೆಗೂ ಸೀಸದ ತಗಡು, ಕಿಟಕಿ ಇಲ್ಲ, ಭುಜ ಕೊಟ್ಟು ನೂಕಿದರೆ ಮಾತ್ರ ತೆರೆಯುವ ಬಾಗಿಲು. ಮಾಲೀಕರು ಅತ್ತ ಹೋದ ಮೇಲೆ ಕೊಟ್ರೇಶ್ ಸುತ್ತ ನೋಡಿ, ಅಲ್ಲಿ ನೆಲ ಒರೆಸಲು ಬಂದ ಅಶ್ವತ್ಥಮ್ಮನನ್ನು ಕೇಳಿದ: "ಅಮ್ಮಾರ, ಇಲ್ಲಿ ಗಾಳಿ ಎಲ್ಲಿಂದ ಬರ್ತೈತ್ರಿ?"

"ಬಾಗ್ಲು ತೆಗ್ದಾಗ ಬತ್ತದೆ ಸಾರ್. ಮುಚ್ಚಿದ್ ಮ್ಯಾಲೆ ಅದೂ ನಮ್ಮಂಗೆ ಒಳಗೇ ಬಿದ್ದಿರ್ತದೆ."

ಅವನು ಕೊಟ್ಟೂರು ಕಡೆಯವನು. ಮಾತು ಕಡಿಮೆ. ಅಶ್ವತ್ಥಮ್ಮ ಆನೇಕಲ್ಲಿನವಳು. ಮೂವತ್ತೊಂದು ವರ್ಷ ಅಲ್ಲಿನ ರೇಷ್ಮೆ ಮಗ್ಗದ ಮುಂದೆ ಕೂತವಳು. ಗಂಡ ಗೋಪಾಲಪ್ಪ ತೀರಿಕೊಂಡ ಮರುವರ್ಷ ಮಗ್ಗಗಳು ಗುಜರಿಗೆ ಹೋದವು, ಅವಳು ಕಸ ಗುಡಿಸಲು ಇಲ್ಲಿಗೆ ಬಂದಳು. ಅಕ್ಷರ ಅವಳಿಗೆ ಸಹಿಯ ಮಟ್ಟಿಗೆ. ಅಂಕಿ ಮಾತ್ರ ಎಷ್ಟು ಉದ್ದವಿದ್ದರೂ ತಪ್ಪುತ್ತಿರಲಿಲ್ಲ.

ಇಬ್ಬರಿಗೂ ಬಳಕೆಯಾದದ್ದು ನೀರಿನ ಡಬ್ಬದಿಂದ. ಯಂತ್ರದ ಪರೀಕ್ಷೆಗೆ ಮೊದಲು ಅದರ ಬಾಯಿಯ ನಡುವೆ ರೋಗಿಯ ಬದಲು ಒಂದು ಗುಂಡನೆಯ ಪಾರದರ್ಶಕ ಡಬ್ಬ ಇಡಬೇಕು, ಅದರ ತುಂಬ ಶುದ್ಧ ನೀರಿರಬೇಕು, ಒಂದು ಗುಳ್ಳೆಯೂ ಕೂಡದು. ಕೊಟ್ರೇಶ್ ಬೆಳಗಿನಿಂದ ಮೂರು ಸಲ ತುಂಬಿದ್ದ, ಮೂರು ಸಲವೂ ಗುಳ್ಳೆ. ಅಶ್ವತ್ಥಮ್ಮ ಡಬ್ಬ ಓರೆ ಮಾಡಿ, ಗೋಡೆಗುಂಟ ನೀರು ಇಳಿಬಿಟ್ಟು, ಅರ್ಧಕ್ಕೆ ನಿಲ್ಲಿಸಿ, ಬೆರಳ ಗೆಣ್ಣಿನಿಂದ ತಟ್ಟಿ, ಕಾದು, ಮತ್ತೆ ಸುರಿದಳು. ನಲವತ್ತು ನಿಮಿಷ ಹಿಡಿಯಿತು. ಗುಳ್ಳೆ ಇರಲಿಲ್ಲ. ಆವತ್ತಿನಿಂದ ಡಬ್ಬ ಅವಳ ಪಾಲಿಗೆ ಬಂತು.

ಹಾಗಾಗಿ ಒಂದು ದಿನ ಪಕ್ಕದ ಕೋಣೆಯಲ್ಲಿ, ಸೀಸದ ಗಾಜಿನ ಈಚೆ, ಅವನ ಹಿಂದೆ ನಿಂತು ಅವಳೂ ಕಂಪ್ಯೂಟರು ನೋಡಿದಳು. ಪರದೆಯ ಮೇಲೆ ಚಿತ್ರವೇನೂ ಇರಲಿಲ್ಲ. ಮೇಲಿಂದ ಕೆಳಗೆ ನುಣ್ಣನೆಯ ಬೂದು ಹಾಸು.

"ಇದೇನ್ ಸಾರ್, ಮಗ್ಗದಿಂದ ಇಳಿಸಿದ್ ಬಟ್ಟೆ ಇದ್ದಂಗದೆ?"

"ಇದು ಚಿತ್ರ ಆಗೋಕಿಂತ ಮೊದಲಿಂದ್ರಿ. ಯಂತ್ರ ಕಂಡಿದ್ದು ಕಂಡಂಗ. ಇದನ್ನ ನೋಡಾಕ ಅಂತಾನ ಈ ಸಾಫ್ಟ್‌ವೇರ್ ಐತಿ. ಡಾಕ್ಟ್ರು ನೋಡೋದು ಆಮ್ಯಾಲಿಂದು."

"ಅಂಗಾರೆ ಇಲ್ಲೊಂದು ಹಾಸೆಳೆ ತಪ್ಪದಲ್ಲ ಸಾರ್."

ಕೊಟ್ರೇಶ್ ಕುರ್ಚಿ ಹಿಂದೆ ತಳ್ಳಿ ಎದ್ದ. ಅವಳು ತೋರಿಸಿದ ಕಡೆ ಕೂದಲಿನಷ್ಟು ಸಣ್ಣ ಕಪ್ಪು ಗೆರೆ ಮೇಲಿಂದ ಕೆಳಗೆ ನೇರ ಇಳಿದಿತ್ತು. ಅರ್ಧ ಗಂಟೆಯಿಂದ ಅವನು ಹುಡುಕುತ್ತಿದ್ದದ್ದು ಅದನ್ನೇ. ಅವನು ತಿಳಿಸಿ ಹೇಳಿದ: ಯಂತ್ರದೊಳಗೆ ಸಾಲಾಗಿ ಆರುನೂರು ಚಿಲ್ಲರೆ ಕಣ್ಣುಗಳಿವೆ, ಡಬ್ಬದ ಸುತ್ತ ಒಂದು ಸುತ್ತು ಬರುವಷ್ಟರಲ್ಲಿ ಒಂದೊಂದು ಕಣ್ಣೂ ಸಾವಿರ ಸಲ ನೋಡುತ್ತದೆ. ಅಡ್ಡಕ್ಕೆ ಹೋಗುವ ಒಂದೊಂದು ಎಳೆ ಒಂದೊಂದು ನೋಟ, ಉದ್ದಕ್ಕೆ ಇಳಿಯುವ ಒಂದೊಂದು ಎಳೆ ಒಂದೊಂದು ಕಣ್ಣು. ಕಣ್ಣು ಸತ್ತರೆ ಉದ್ದಕ್ಕೂ ಗೆರೆ. ಅದೇ ಗೆರೆ ಡಾಕ್ಟರ ಚಿತ್ರದಲ್ಲಿ ಉಂಗುರವಾಗಿ ಕಾಣುತ್ತದೆ.

"ಗಾಣದೆತ್ತು ತುಳಿದ್ ಜಾಡು," ಅಂದಳು ಅಶ್ವತ್ಥಮ್ಮ. "ಎತ್ತು ತಾನು ನೆಟ್ಟಗೇ ಓಗ್ತಾ ಇವ್ನಿ ಅನ್ಕಂಡಿರ್ತದೆ."

ಬಾಗಿಲಲ್ಲಿ ನಿಂತಿದ್ದ ಪರಮಾನಂದ ಕೈತಟ್ಟಿದರು. "ಏನ್ ಅಶ್ವತ್ಥಮ್ಮ, ಇಂಜಿನಿಯರಿಂಗ್ ಮುಗಿಸ್ಬಿಟ್ರಾ? ಕೊಟ್ರೇಶಾ, ನಾಳೆಯಿಂದ ನೀನು ನೆಲ ಒರೆಸಪ್ಪಾ."

ಎರಡು ವರ್ಷ ಹೀಗೇ ನಡೆಯಿತು. ಮೂರನೆಯ ವರ್ಷದ ಆಷಾಢದಲ್ಲಿ ಬಯಲುಸೀಮೆಯ ಒಂದು ತಾಲ್ಲೂಕಿನ ಆಸ್ಪತ್ರೆಗೆ ಮಾರುವುದೆಂದು ಗೊತ್ತಾಗಿದ್ದ ಯಂತ್ರ ಬಂತು. ಅದೇ ವಾರ ಕೊಟ್ರೇಶನಿಗೆ ಕಾಗದವೊಂದು ಬಂತು. ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಯಂತ್ರ ನೋಡಿಕೊಳ್ಳುವ ಕೆಲಸಕ್ಕೆ ಅವನ ಹೆಸರು ಆಯ್ಕೆಯಾಗಿತ್ತು. ಬರುವ ಸೋಮವಾರ ಅಸಲು ದಾಖಲೆಗಳನ್ನು ತಂದು ತೋರಿಸಬೇಕು, ತಪ್ಪಿದರೆ ಜಾಗ ಮುಂದಿನವನಿಗೆ. ಬಾಂಡು ಮುಗಿಯಲು ಇನ್ನೂ ಏಳು ತಿಂಗಳಿತ್ತು. ಅಸಲು ಬೀರುವಿನಲ್ಲಿತ್ತು.

ಹೊಸ ಯಂತ್ರದ ಹಾಸು ಬೆಳಗ್ಗೆ ಚೆನ್ನಾಗಿ ಬಂತು. ಒಂದು ಗಂಟೆ ಓಡಿಸಿ ಬಿಸಿಯಾದ ಮೇಲೆ ನಟ್ಟನಡುವೆ ಒಂದು ಗೆರೆ ಬಿತ್ತು. ಮಧ್ಯಾಹ್ನಕ್ಕೆ ಅದು ಪಟ್ಟಿಯಾಯಿತು.

"ಹನ್ನೊಂದು ಕಣ್ಣು ಹೋಗ್ಯಾವ," ಎಂದ ಕೊಟ್ರೇಶ್.

"ಹನ್ನೆರಡು ಸಾರ್."

ಅವನು ಹಿಗ್ಗಿಸಿ ಎಣಿಸಿದ. ಹನ್ನೆರಡು.

ಸಾಫ್ಟ್‌ವೇರಿನಲ್ಲಿ ಒಂದು ಸೌಕರ್ಯ ಇತ್ತು. ಸತ್ತ ಕಣ್ಣು ಇಂಥದ್ದು ಎಂದು ಗುರುತು ಹಾಕಿದರೆ, ಅಕ್ಕಪಕ್ಕದ ಕಣ್ಣುಗಳು ಕಂಡದ್ದನ್ನು ನಡುವೆ ಹಂಚಿ ತುಂಬುತ್ತಿತ್ತು. ಆಗ ಉಂಗುರ ಕಾಣುವುದಿಲ್ಲ. ಒಂದೊಂದು ಬಿಡಿಬಿಡಿಯಾಗಿ ಸತ್ತರೆ ತುಂಬಬಹುದು, ಯಂತ್ರ ಮಾಡಿದವರೇ ಒಪ್ಪಿದ್ದಾರೆ. ಒಟ್ಟಿಗೆ ಹನ್ನೆರಡು ತುಂಬಬಾರದು, ಆ ತುಂಡನ್ನೇ ಬದಲಿಸಬೇಕು. ಹೊಸ ತುಂಡು ಬರಲು ನಾಲ್ಕು ತಿಂಗಳು. ಕೊಳ್ಳುವವರು ಬರುವುದು ಶುಕ್ರವಾರ.

"ತುಂಬಿಸ್ಬಿಡು," ಎಂದರು ಪರಮಾನಂದ.

ಕೊಟ್ರೇಶ್ ಅಶ್ವತ್ಥಮ್ಮನ ಊಟದ ಡಬ್ಬಿಯ ಪೊಂಗಲ್‌ನಿಂದ ಒಂದು ಕಾಳುಮೆಣಸು ಕೇಳಿ ಇಸಿದುಕೊಂಡ. ಅವಳ ಕೈಚೀಲದಲ್ಲಿ ಯಾವತ್ತೂ ಇರುತ್ತಿದ್ದ ರೇಷ್ಮೆ ನೂಲಿನಲ್ಲಿ ಅದನ್ನು ಬಿಗಿದು, ನೀರಿನ ಡಬ್ಬದ ನಡುವೆ ನಿಲ್ಲುವಂತೆ ಕಟ್ಟಿಸಿದ. ಅವಳು ಮತ್ತೆ ನೀರು ತುಂಬಿದಳು. ಮರುದಿನ ಬೆಳಗ್ಗೆ, ಯಂತ್ರ ತಣ್ಣಗಿರುವಾಗ ತೆಗೆದ ಚಿತ್ರದಲ್ಲಿ ಮೆಣಸು ಚುಕ್ಕೆಯಾಗಿ ಕಂಡಿತು. ಬಿಸಿಯಾದ ಮೇಲೆ, ಹನ್ನೆರಡನ್ನೂ ತುಂಬಿ ತೆಗೆದದ್ದರಲ್ಲಿ ಮೆಣಸು ಇರಲಿಲ್ಲ. ನೀರು ಬರೀ ನೀರಾಗಿ, ನುಣ್ಣಗೆ, ಚೆಂದಾಗಿ ಕಂಡಿತು. ಪರೀಕ್ಷೆ ಆದೊಡನೆ ಅವನು ಆ ಗುರುತುಗಳನ್ನು ಸೇವ್ ಮಾಡದೆ ತೆಗೆದುಬಿಟ್ಟ.

ಪರಮಾನಂದ ಎರಡೂ ಚಿತ್ರಗಳನ್ನು ಸಾವಧಾನವಾಗಿ ನೋಡಿದರು. ಅವರು ಕೂಗಾಡುವ ಜನವಲ್ಲ. "ಲೋ ಕೊಟ್ರೇಶಾ, ಆ ಊರಲ್ಲಿ ಮೆಷಿನ್ನೇ ಇಲ್ಲ ಕಣೋ. ತಲೆ ಒಡ್ಕೊಂಡೋರು ನೂರು ಕಿಲೋಮೀಟರ್ ಹೋಗ್ಬೇಕು. ಏನೂ ಕಾಣದೇ ಇರೋದಕ್ಕಿಂತ ಮುಕ್ಕಾಲು ಕಾಣೋದು ವಾಸಿ ಅಲ್ವಾ? ಹೊಸ ತುಂಡು ಬಂದ್ಮೇಲೆ ಹೋಗಿ ಹಾಕೋಣ."

"ನೀವೇ ತುಂಬ್ರಿ ಸಾರ್."

"ನನ್ನ ಹೆಸರಲ್ಲಿ ಆ ಸಾಫ್ಟ್‌ವೇರ್ ತೆರೆಯಲ್ವಲ್ಲಪ್ಪ. ಟ್ರೈನಿಂಗ್ ಆಗಿರೋನು ನೀನು." ಅವರು ಬೀಗದ ಕೈ ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟರು. "ಶುಕ್ರವಾರ ಅವರು ಒಪ್ಕೊಂಡು ಹೋಗ್ಲಿ. ಏಳು ತಿಂಗಳು ಬಾಂಡು ಮಾಫಿ. ನಿನ್ನ ಫೈಲು ನಿನ್ನ ಕೈಗೆ. ಬೇಡ ಅಂದ್ರೆ ಬಲವಂತ ಇಲ್ಲ. ಬೀರು ಎಲ್ಲಿಗೂ ಓಡ್ಹೋಗಲ್ಲ." ಬೀಗದ ಕೈ ಮತ್ತೆ ಜೇಬು ಸೇರಿತು.

ಮೂರು ದಿನ ಕೊಟ್ರೇಶ್ ಸೀಸದ ಕೋಣೆ, ಅದರ ಪಕ್ಕದ ಕೋಣೆ ಬಿಟ್ಟು ಹೊರಗೆ ಬಂದದ್ದೇ ಕಡಿಮೆ. ಯಂತ್ರ ತಣ್ಣಗಾಗಲು ಬಿಡುತ್ತಿದ್ದ, ಓಡಿಸುತ್ತಿದ್ದ, ಎಣಿಸುತ್ತಿದ್ದ. ಕಡಿಮೆಯಾಗುತ್ತದೇನೋ ಎಂಬ ಆಸೆ. ಹನ್ನೆರಡು ಹನ್ನೆರಡೇ. ಗುರುವಾರ ಅವಳು ತಂದಿಟ್ಟ ಟೀ ಕೆನೆಗಟ್ಟಿತು.

"ಗುರುತು ಹಾಕಿ ಸೇವ್ ಮಾಡಿದವನ ಹೆಸರು, ತಾರೀಖು ಎರಡೂ ಯಂತ್ರದಾಗ ಉಳೀತಾವ್ರಿ," ಎಂದ ಅವನು. "ಅಳಸಾಕ ಬರಂಗಿಲ್ಲ. ಫೈಲು ಬೀರುದಾಗಿಂದ ಹೊರಗ ಬರ್ತೈತಿ, ನಾ ಇದ್ರೊಳಗ ಕುಂದರ್ತೀನಿ."

ಅಶ್ವತ್ಥಮ್ಮನಿಗೆ ಅವನ ಮುಖ ನೋಡಲಾಗಲಿಲ್ಲ. ಹೇಗಾದರೂ ಮಾಡಿ ಈ ಬಾಗಿಲಾಚೆ ಅವನನ್ನು ಕಳಿಸಬೇಕು ಎಂಬುದೊಂದೇ ಅವಳ ಮನಸ್ಸಿನಲ್ಲಿತ್ತು. ಯಾರಿಗೂ ಹೇಳದಿದ್ದ ಒಂದು ಮಾತನ್ನು ಅದಕ್ಕಾಗಿಯೇ ತೆಗೆದಳು.

"ಕೊಟ್ರೇಶಪ್ಪ, ಒಂದ್ ಏಳ್ತೀನಿ ಕೇಳು. ನಮ್ ಮಗ್ಗದಾಗೆ ಒಂದ್ ಸಲ ವರಮಾಲಕ್ಷ್ಮಿ ಅಬ್ಬದ್ ಮುಂದೆ ಹಿಂಗೇ ಆಯ್ತು. ಸೀರೆ ಮೈಯಾಗೆ, ಬಾರ್ಡರಿಂದ ಒಂದ್ ಗೇಣಾಚೆ, ಒಟ್ಟಿಗೆ ಎಳೆ ಕಿತ್ಕಂಡ್ವು. ತುದಿ ಹುಡುಕಿ ಕಟ್ಟೋಕೆ ಒಂದ್ ದಿನ ಬೇಕು. ಮಾಲೀಕ್ರು ಸಂಜೀಕೆ ಬೇಕು ಅಂದ್ರು. ಅಕ್ಕಪಕ್ಕದ್ ಎಳೇನೇ ಸರಿಸಿ, ಹಣಿಗೇಲಿ ಬಿಡಿಬಿಡಿಯಾಗಿ ತುಂಬಿ ನೇಯ್ದ್‌ಬಿಟ್ಟೆ. ಇಸ್ತ್ರಿ ಹಾಕಿದ್ ಮ್ಯಾಲೆ ದೇವ್ರಿಗೂ ಗೊತ್ತಾಗ್ತಿರ್ನಿಲ್ಲ. ಎಲ್ರೂ ಮಾಡ್ತಾರೆ ಕಣಪ್ಪ. ಒಂದ್ ಸಲ ಮಾಡು, ಓಗ್ಬಿಡು."

"ತೊಳೆದ ಮ್ಯಾಲೆ?" ಎಂದ ಕೊಟ್ರೇಶ್.

"ತೊಳೆದ್ ಮ್ಯಾಲೆ ಅಲ್ಲೇ ಪಿಸಿಯೋದು," ಎಂದಳು. ಸುಳ್ಳು ಅವಳ ಬಾಯಿಗೆ ಬರುವುದಿಲ್ಲ.

ಇಷ್ಟನ್ನು ಹೇಳಿದಳು. ಆ ಸಂಜೆಯಿಂದ ಇಂದಿನವರೆಗೆ ಯಾವ ಮದುವೆಗೆ ಹೋದರೂ, ಯಾವ ಬಸ್ಸಿನಲ್ಲಿ ರೇಷ್ಮೆಯುಟ್ಟ ಹೆಂಗಸು ಎದುರು ಕೂತರೂ, ಮುಖ ನೋಡುವ ಮೊದಲು ಬಾರ್ಡರಿನಿಂದ ಒಂದು ಗೇಣು ಅಳೆದು ನೋಡುತ್ತೇನೆ ಎಂಬುದನ್ನು ಹೇಳಲಿಲ್ಲ.

ಶುಕ್ರವಾರ ಬೆಳಗ್ಗೆ ಎಂಟೂವರೆಗೆ ಕೊಟ್ರೇಶ್ ತನ್ನ ಹೆಸರು ಹೊಡೆದು ಯಂತ್ರ ತೆರೆದ. ಒಂದೊಂದಾಗಿ ಹನ್ನೆರಡು ಗುರುತು ಹಾಕಿ ಸೇವ್ ಮಾಡಿದ. ಅವಳು ಹಿಂದೆ ನಿಂತು ಎಣಿಸಿದಳು. ವರದಿಯ ಹಾಳೆ ಹೊರಬಂತು, ಸಹಿ ಹಾಕಿದ.

ಕೊಳ್ಳಲು ಬಂದ ಡಾಕ್ಟರು ಒಳ್ಳೆಯ ಮನುಷ್ಯ, ನಗುಮುಖದವರು. ಡಬ್ಬದ ಚಿತ್ರ ನೋಡಿ, "ಕನ್ನಡಿ ಇದ್ದಂಗಿದೆಯಲ್ರೀ," ಎಂದರು. ಹೋಗುವಾಗ ಮೂಲೆಯಲ್ಲಿ ಬಟ್ಟೆ ಹಿಡಿದು ನಿಂತಿದ್ದ ಅಶ್ವತ್ಥಮ್ಮನನ್ನು ಕಂಡು ತಮಾಷೆಗೆ ಕೇಳಿದರು: "ಏನಮ್ಮಾ, ಮೆಷಿನ್ ಚೆನ್ನಾಗಿದೆಯಾ?"

ಕೊಟ್ರೇಶ್ ತಲೆಯೆತ್ತಿ ಅವಳನ್ನೇ ನೋಡಿದ. ಪರಮಾನಂದರ ಕೈ ಅಂಗಿಯ ಜೇಬಿನ ಮೇಲಿತ್ತು.

"ಚೆನ್ನಾಗ್ ಒರೆಸಿವ್ನಿ ಸಾರ್," ಎಂದಳು ಅಶ್ವತ್ಥಮ್ಮ.

ಮಧ್ಯಾಹ್ನ ಬೀರು ತೆರೆಯಿತು. ಪರಮಾನಂದ ಮಾತು ಉಳಿಸಿಕೊಂಡರು. ಕೊಟ್ರೇಶ್ ಹಾಳೆಗಳನ್ನು ಎಣಿಸಿಕೊಂಡು ಫೈಲನ್ನು ಎದೆಗೆ ಅವಚಿಕೊಂಡ. ನೆಲ ಒದ್ದೆ ಇತ್ತು. ಅವನು ಬೂಟು ಕಳಚಿ ಕೈಯಲ್ಲಿ ಹಿಡಿದು, ಬಂದ ದಿನದ ಹಾಗೆಯೇ ಒಣಗಿದ ಕಡೆ ಕಾಲಿಡುತ್ತಾ ಬಾಗಿಲ ತನಕ ಹೋದ. ಹೊರಗೆ ಯಂತ್ರ ಒಯ್ಯುವ ಲಾರಿ ರಿವರ್ಸಿನಲ್ಲಿ ಬರುತ್ತಿತ್ತು. ಅವನು ಅದನ್ನು ನೋಡಿದ, ತಿರುಗಿದ. "ಬರ್ತೀನ್ರಿ" ಅನ್ನುತ್ತಾನೆಂದು ಅಶ್ವತ್ಥಮ್ಮ ಕೈ ಒರೆಸಿಕೊಂಡು ಎದ್ದು ನಿಂತಳು.

"ಅಮ್ಮಾರ," ಎಂದ ಕೊಟ್ರೇಶ್, "ಆ ಸೀರಿ ಯಾರು ಉಟ್ಗೊಂಡ್ರು ಅಂತ ನಿಮಗ ಎಂದರ ಗೊತ್ತಾತೇನ್ರಿ?"