ಕೆರೆಗೆ ಮಾಮ ತಂದ ಕೊಡುಗೆ

ಸ್ನೇಹಿತರೇ, ಇವತ್ತು ಬೆಳಿಗ್ಗೆ ಸೋಮನೂರಿನ ನಮ್ಮ ಕೆರೆ ಕಾಯುವ ಸರದಿ ನನ್ನದು ಮತ್ತು ಮೀನು ಹಿಡಿಯುವ ಮುರುಗೇಶಣ್ಣನದು. ಮಗ್ಗದ ಶೆಡ್ಡಿನ ರಂಗಸಾಮಿ ಮಾಮ ಬಕೆಟ್ ಹಿಡಿದು ಬಂದರು. ಒಳಗೆ ಅವರ ಮನೆಯ ಗಾಜಿನ ತೊಟ್ಟಿಯಲ್ಲಿದ್ದ ಪಾಚಿ ತಿನ್ನುವ ಮೀನು, ಮೊಳದುದ್ದ ಬೆಳೆದಿತ್ತು.

"ಕೆರೆಗೆ ಮನೆಗೊಂದು ಕೊಡುಗೆ ಕೊಡಿ ಅಂತ ಮೀಟಿಂಗಲ್ಲಿ ನೀನೇ ತಾನೇ ಹೇಳಿದ್ದು? ಇದು ಕೆರೆ ಪೂರಾ ಕ್ಲೀನ್ ಮಾಡ್ತದಮ್ಮಾ."

ಮುರುಗೇಶಣ್ಣ ತಮಿಳಲ್ಲೇ ಹೇಳಿದರು: "ಇದು ನಮ್ಮ ಊರ ಮೀನಿನ ಮೊಟ್ಟೆ ತಿಂದುಬಿಡುತ್ತೆ. ಮುಳ್ಳಿಗೆ ನನ್ನ ಬಲೆ ಹರಿಯುತ್ತೆ. ಕ್ಲೀನ್ ಆಗೋದು ಅವೆರಡೇ."

"ಅಪ್ಪೋ, ಹಂಗಾದ್ರೆ ನಮ್ಮ ಮನೆ ಕೊಡುಗೆ?" ಮಾಮನಿಗೆ ರೋಷ.

"ಮೀನು ಮನೆಗೆ, ನೀವು ಕಾವಲಿಗೆ" ಎಂದು ಭಾನುವಾರದ ಸರದಿಗೆ ಅವರ ಹೆಸರು ಬರೆದೆ.

ಸಂಜೆ ಏರಿಯ ಸಸಿಗಳಿಗೆ ನೀರು ಹಾಕಲು ಹೋದರೆ ಭಾನುವಾರಕ್ಕೂ ಕಾಯದೆ ಮಾಮ ಆಗಲೇ ಅಲ್ಲಿ ಕಾವಲಿಗೆ ನಿಂತಿದ್ದರು. ನನ್ನ ಖಾಲಿ ಬಕೆಟ್ಟನ್ನೂ ಇಣುಕಿ ನೋಡಿಯೇ ದಾರಿ ಬಿಟ್ಟರು.